‘ನೀನು ಗಂಡಸೇ ಅಲ್ಲ’ ಅಂದವರಿಗೆ ಏನು ಬೇಕಾಗಿತ್ತು?

ನಾನು ಭಾಷಣಕಾರ ಅಲ್ಲ. ರೈಲ್ವೆಯಲ್ಲಿ ಲೆಕ್ಕಪತ್ರ ನೋಡೋ ಮನುಷ್ಯ. ಬೇರೆಯವರ ಖರ್ಚಿನಲ್ಲಿ ತಪ್ಪು ಹುಡುಕೋದೇ ನನ್ನ ಸಂಬಳದ ಕೆಲಸ. ಇವತ್ತು ನನ್ನದೇ ಒಂದು ಹಳೆ ಲೆಕ್ಕ ತೆಗೆದುಕೊಂಡು ಬಂದಿದ್ದೀನಿ.

ಹೋದ ವರ್ಷ ಒಂದು ದಿನ ಹುಬ್ಬಳ್ಳಿಯಿಂದ ನನ್ನ ಹೆಂಡತಿ ಒಂದು ವಿಡಿಯೋ ಕಳಿಸಿದಳು. ನಮ್ಮ ಮಗನಿಗೆ ಹನ್ನೊಂದು ವರ್ಷ. ಅವನ ಜೀವದ ಗೆಳೆಯ, ಪಕ್ಕದ ಮನೆ ಹುಡುಗ, ಅಪ್ಪನಿಗೆ ವರ್ಗವಾಗಿ ಮಂಗಳೂರಿಗೆ ಹೊರಟಿದ್ದ. ಲಾರಿಗೆ ಸಾಮಾನು ಏರಿಸ್ತಾ ಇದ್ದಾರೆ. ಆ ಹುಡುಗ ಬಿಕ್ಕಿ ಬಿಕ್ಕಿ ಅಳ್ತಾ ಇದ್ದಾನೆ. ನನ್ನ ಮಗ ಮಾತ್ರ ಕೈಕಟ್ಟಿ ನಿಂತು, ಹುಬ್ಬು ಗಂಟಿಕ್ಕಿ, ತುಟಿ ಸ್ವಲ್ಪ ಮುಂದಕ್ಕೆ ಮಾಡಿ ಕ್ಯಾಮೆರಾ ನೋಡ್ತಾ ಇದ್ದಾನೆ. ಮನೆಯಲ್ಲಿ ಮಕ್ಕಳಿರೋರಿಗೆ ಆ ಮುಖ ಗೊತ್ತಿರತ್ತೆ. ‘ಸಿಗ್ಮಾ’ ಮುಖ. ‘ಪೀಕಿ ಬ್ಲೈಂಡರ್ಸ್’ ಅನ್ನೋ ಬ್ರಿಟಿಷ್ ಧಾರಾವಾಹಿಯ ಟೋಪಿ ಹಾಕಿದ ನಾಯಕನದ್ದು. ಅದು ಯಾವ ಧಾರಾವಾಹಿ ಅಂತ ನನ್ನ ಮಗನಿಗೆ ಗೊತ್ತೂ ಇಲ್ಲ. ರೀಲ್ಸ್‌ನಲ್ಲಿ ಆ ಮುಖ ಒಂದೇ ಅವನ ತನಕ ಬಂದಿದೆ.

ರಾತ್ರಿ ಫೋನ್ ಮಾಡಿದಾಗ ಕೇಳಿದೆ, ‘ಅಳು ಬರ್ಲಿಲ್ವೇನೋ?’ ‘ಸಿಗ್ಮಾ ಅಳಲ್ಲಪ್ಪ’ ಅಂದ. ಅದಕ್ಕೆ ನಾನು ಏನಂದೆ ಗೊತ್ತಾ? ‘ಭೇಷ್, ಗಟ್ಟಿ ಹುಡುಗ’ ಅಂದೆ.

ಫೋನ್ ಇಟ್ಟ ಮೇಲೆ ಬಾಲ್ಕನಿಗೆ ಬಂದು ನಿಂತೆ. ಏನೋ ಸರಿಯಾಗಲಿಲ್ಲ ಅನ್ನಿಸ್ತು. ಏನು ಅಂತ ಅವತ್ತು ಗೊತ್ತಾಗಲಿಲ್ಲ.

ಆ ಬಾಲ್ಕನಿ ಇರೋದು ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ. ಹೂಗ್ಲಿ ನದಿಯ ಪೂರ್ವ ದಂಡೆ. ಆಗ್ನೇಯ ರೈಲ್ವೆಯ ಪ್ರಧಾನ ಕಚೇರಿ ಅಲ್ಲೇ ಇದೆ, ನನಗೆ ಅಲ್ಲಿಗೆ ವರ್ಗ. ಪಕ್ಕದಲ್ಲಿ ಹಡಗುಕಟ್ಟೆ. ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ‘ಐಎನ್‌ಎಸ್ ಅಜಯ್’ 1961ರಲ್ಲಿ ಅಲ್ಲಿಂದಲೇ ನೌಕಾಪಡೆಗೆ ಹೋಯ್ತು. ಅಂದ್ರೆ ಕಬ್ಬಿಣ, ಬೆಂಕಿ, ಸುತ್ತಿಗೆ, ಪೂರಾ ಗಂಡಸರ ಜಾಗ ಅಂತ ನೀವು ಅಂದ್ಕೋಬಹುದು. ಅದೇ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಮೆಟಿಯಾಬುರ್ಜ್ ಸಿಗತ್ತೆ. ಮಣ್ಣಿನ ಬುರುಜು ಅಂತ ಅರ್ಥ. ಅಲ್ಲಿ ಸಾವಿರಾರು ಗಂಡಸರು ಹುಡುಗಿಯರ ಫ್ರಾಕ್ ಹೊಲೀತಾರೆ. (ನಗು) ನಗಬೇಡಿ. ನಾನೂ ಮೊದಲು ನಕ್ಕಿದ್ದೆ, ಆ ಕಥೆಗೆ ಬರ್ತೀನಿ.

ಮೆಟಿಯಾಬುರ್ಜ್‌ನಲ್ಲಿ ಒಂದು ಇಮಾಮ್‌ಬಾಡಾ ಇದೆ, ಸಿಬ್ತೈನಾಬಾದ್ ಅಂತ. ಅಲ್ಲಿ ಒಬ್ಬ ರಾಜನ ಸಮಾಧಿ. ವಾಜಿದ್ ಅಲಿ ಶಾ, ಅವಧ್‌ನ, ಅಂದ್ರೆ ಲಕ್ನೋದ ಕೊನೆಯ ದೊರೆ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನ ರಾಜ್ಯ ಕಿತ್ತುಕೊಂಡಿತು. ಅವನು ಕಲ್ಕತ್ತಾಕ್ಕೆ ಬಂದ. ಇಲ್ಲೇ ನದಿ ದಂಡೆ ಮೇಲೆ ಒಂದು ಚಿಕ್ಕ ಲಕ್ನೋ ಕಟ್ಟಿಕೊಂಡು, 31 ವರ್ಷ ಬದುಕಿ, 1887ರಲ್ಲಿ ಇಲ್ಲೇ ಸತ್ತ.

ಅವನ ಕಥೆ ನನಗೆ ಮೊದಲು ಹೇಳಿದ್ದು ನಮ್ಮ ಆಫೀಸಿನ ಎದುರಿನ ಚಹಾ ಅಂಗಡಿಯಲ್ಲಿ ಒಬ್ಬ ಸಹೋದ್ಯೋಗಿ. ‘ಬ್ರಿಟಿಷರು ಬಂದಾಗ ಎಲ್ಲರೂ ಓಡಿಹೋದರಂತೆ. ನವಾಬ ಮಾತ್ರ ಸಿಕ್ಕಿಬಿದ್ದನಂತೆ. ಯಾಕೆ? ಚಪ್ಪಲಿ ತೊಡಿಸೋ ಆಳು ಓಡಿಹೋಗಿದ್ದ. ತೊಡಿಸೋರಿಲ್ಲದೆ ಹಾಗೇ ಕೂತಿದ್ದನಂತೆ.’ ಎಲ್ಲರೂ ನಕ್ಕರು. ‘ಡ್ಯಾನ್ಸ್ ಮಾಡ್ತಿದ್ದ ರಾಜ ಅಲ್ವಾ, ಇನ್ನೇನಾಗತ್ತೆ?’ ಅಂತ ಒಬ್ಬರು ಸೇರಿಸಿದರು.

ಇದು ಶುದ್ಧ ಕಟ್ಟುಕಥೆ. ಹಾಗೆ ಯಾರೂ ಓಡಲಿಲ್ಲ, ಯಾರೂ ಅಟ್ಟಿಸಿಕೊಂಡು ಬರಲೂ ಇಲ್ಲ. ಆಗಿದ್ದು ಕಾಗದದ ವ್ಯವಹಾರ. ಲೆಕ್ಕದವನಾದ ನನಗೆ ಅದು ಚೆನ್ನಾಗಿ ಅರ್ಥ ಆಗತ್ತೆ. ಕಂಪನಿಯ ರೆಸಿಡೆಂಟ್ ಔಟ್ರಮ್ ಒಂದು ಒಪ್ಪಂದ ತಂದ: ರಾಜ್ಯ ನಮಗೆ ಬರೆದುಕೊಡು, ವರ್ಷಕ್ಕೆ 12 ಲಕ್ಷ ಪಿಂಚಣಿ ತಗೋ. ವಾಜಿದ್ ಅಲಿ ಶಾ ತನ್ನ ತೋಪುಗಳನ್ನು ಗಾಡಿಯಿಂದ ಇಳಿಸಿಟ್ಟ, ಕಾವಲಿನವರ ಆಯುಧ ಬಿಡಿಸಿದ, ರಕ್ತ ಹರಿಯಬಾರದು ಅಂತ. ತಲೆಯ ಪೇಟ ತೆಗೆದು ಔಟ್ರಮ್‌ನ ಕೈಗಿಟ್ಟ. ಆದರೆ ಸಹಿ ಮಾತ್ರ ಹಾಕಲಿಲ್ಲ. ಮೂರು ದಿನ ಟೈಮ್ ಕೊಟ್ಟರು. ಆಗಲೂ ಹಾಕಲಿಲ್ಲ.

ಸಹಿ ಹಾಕದ ಆ ಮನುಷ್ಯನ ಬಗ್ಗೆ ನಮಗೆ ಉಳಿದಿರೋ ಕಥೆ ಯಾವುದು? ಚಪ್ಪಲಿ.

ಅವನು ಠುಮ್ರಿ ಬರೀತಿದ್ದ, ಕಥಕ್ ಕಲಿತಿದ್ದ, ತನ್ನದೇ ರಾಸಲೀಲೆ ಆಡಿಸಿ ಅದರಲ್ಲಿ ತಾನೇ ಕೃಷ್ಣನ ವೇಷ ಹಾಕ್ತಿದ್ದ. ಇದನ್ನೆಲ್ಲ ಬ್ರಿಟಿಷರು ತಮ್ಮ ವರದಿಗಳಲ್ಲಿ ಬರೆದುಕೊಂಡರು. ಹೆಣ್ಣಿಗ, ವಿಲಾಸಿ, ಆಳೋ ಯೋಗ್ಯತೆ ಇಲ್ಲ ಅಂತ ಷರಾ. ಬಂಗಾಳಿಗಳ ಬಗ್ಗೆ ಮೆಕಾಲೆ ಆಗಲೇ, 1841ರ ಒಂದು ಪ್ರಬಂಧದಲ್ಲಿ, ಇದೇ ಧಾಟಿಯಲ್ಲಿ ಬರೆದಿದ್ದ. ಈಗ ಇನ್ನೊಂದು ಬದಿಯ ಲೆಕ್ಕ ನೋಡಿ. 1801ರಲ್ಲೇ ಕಂಪನಿ ಅವಧ್‌ನ ಹತ್ತಿರ ಹತ್ತಿರ ಅರ್ಧ ರಾಜ್ಯ ಬರೆಸಿಕೊಂಡಿತ್ತು. ಅವಧ್‌ನ ಖಜಾನೆಯಿಂದ ದೊಡ್ಡ ದೊಡ್ಡ ಸಾಲ ಎತ್ತಿತ್ತು. ಉಳಿದ ಅರ್ಧ ಬೇಕಾಗಿತ್ತು. ಕಾರಣ ಬೇಕಾಗಿತ್ತು. ‘ಇವನು ಗಂಡಸಲ್ಲ’ ಅನ್ನೋದು ಆ ಕಾರಣಗಳಲ್ಲಿ ಒಂದಾಯ್ತು. ಅದು ಬರೀ ಬೈಗುಳ ಆಗಿರಲಿಲ್ಲ, ದಾಖಲೆಪತ್ರ ಆಗಿತ್ತು. ಆಸ್ತಿ ವರ್ಗಾವಣೆಗೆ ಬೇಕಾದ ದಾಖಲೆಪತ್ರ.

ಈ ಮನುಷ್ಯನನ್ನು ಆದರ್ಶ ಅಂತ ತೋರಿಸಕ್ಕೆ ನಾನು ಬಂದಿಲ್ಲ. ಅವನಿಗೆ ನೂರಾರು ಹೆಂಡತಿಯರು. ಎಷ್ಟೋ ಜನರನ್ನು ಕೈಬಿಟ್ಟ. ಹಾಗೆ ಅವನು ತಲಾಕ್ ಕೊಟ್ಟು ಲಕ್ನೋದಲ್ಲೇ ಬಿಟ್ಟು ಬಂದವರಲ್ಲಿ ಒಬ್ಬಳು ಬೇಗಂ ಹಜ್ರತ್ ಮಹಲ್. 1857ರಲ್ಲಿ ದಂಗೆ ಎದ್ದಾಗ ಗಂಡ ಕಲ್ಕತ್ತಾದ ಫೋರ್ಟ್ ವಿಲಿಯಂನಲ್ಲಿ ಸೆರೆಯಲ್ಲಿದ್ದ. ಇವಳು ಮಗನನ್ನು ಗಾದಿಗೆ ಕೂರಿಸಿ ಬ್ರಿಟಿಷರ ವಿರುದ್ಧ ಯುದ್ಧ ನಡೆಸಿದಳು. ಸೋತರೂ ಶರಣಾಗಲಿಲ್ಲ, ನೇಪಾಳಕ್ಕೆ ಹೋಗಿ ಅಲ್ಲೇ 1879ರಲ್ಲಿ ತೀರಿಕೊಂಡಳು. ಅವನ ತಾಯಿಯೋ, ಪರದೆಯಲ್ಲಿದ್ದ ಹೆಂಗಸು, ವಿಕ್ಟೋರಿಯಾ ರಾಣಿಯ ಹತ್ತಿರ ನ್ಯಾಯ ಕೇಳ್ತೀನಿ ಅಂತ ಹಡಗು ಹತ್ತಿ ಲಂಡನ್‌ಗೆ ಹೋದಳು. ವಾಪಸ್ ಬರೋ ದಾರಿಯಲ್ಲಿ 1858ರಲ್ಲಿ ಪ್ಯಾರಿಸ್‌ನಲ್ಲಿ ಸತ್ತಳು. ಇದನ್ನೆಲ್ಲ ಓದ್ತಾ ಇದ್ದಾಗ, ‘ಬಳೆ ತೊಟ್ಕೊಂಡು ಕೂತಿದ್ದೀಯಾ’ ಅಂತ ನಮ್ಮ ಕಡೆ ಹೀಯಾಳಿಸ್ತಾರಲ್ಲ, ಆ ಮಾತು ನನಗೆ ತುಂಬಾ ಪೆದ್ದು ಅನ್ನಿಸ್ತು. ಬಳೆ ತೊಟ್ಟವರು ಯಾರೂ ಇಲ್ಲಿ ಕೂತಿರಲಿಲ್ಲ.

ಸತ್ಯಜಿತ್ ರಾಯ್ ಇವನ ಮೇಲೆ 1977ರಲ್ಲಿ ಸಿನಿಮಾ ಮಾಡಿದರು, ‘ಶತರಂಜ್ ಕೆ ಖಿಲಾಡಿ’. ರಾಜನ ಪಾತ್ರಕ್ಕೆ ಯಾರನ್ನ ಹಾಕಿದರು? ಅಮ್ಜದ್ ಖಾನ್! ಎರಡೇ ವರ್ಷ ಮೊದಲು ನಮ್ಮ ರಾಮನಗರದ ಬಂಡೆಗಳ ಮೇಲೆ ಬೆಲ್ಟ್ ಎಳೀತಾ ಓಡಾಡಿದ ಗಬ್ಬರ್ ಸಿಂಗ್. ಅದೇ ದೇಹ, ಅದೇ ಗಂಟಲು. ‘ಶೋಲೆ’ಯಲ್ಲಿ ಅದನ್ನು ನೋಡಿ ಮಕ್ಕಳು ಹೆದರಿದರು. ಇಲ್ಲಿ ಅದೇ ಮನುಷ್ಯ ಹಾಡ್ತಾನೆ, ಮಂತ್ರಿ ಅತ್ತಾಗ ಗಂಡಸಿನ ಕಣ್ಣಲ್ಲಿ ಕಾವ್ಯಕ್ಕೆ, ಸಂಗೀತಕ್ಕೆ ಮಾತ್ರ ನೀರು ಬರಬೇಕು ಅಂತಾನೆ. ಆ ಮಾತಿಗೆ ಬಂದಾಗ ನಾನು ಲ್ಯಾಪ್‌ಟಾಪ್ ನಿಲ್ಲಿಸಿದೆ. ಆ ನವಾಬನ ನಿಯಮದಲ್ಲೂ ಒಂದು ಕಿಟಕಿ ಇತ್ತು. ಸಂಗೀತಕ್ಕಾದರೂ ಅಳಬಹುದು. ನನ್ನ ಮಗನ ಸಿಗ್ಮಾಗೆ ಅದೂ ಇಲ್ಲ.

ನಾವು ಬೆಳೆದ ಸಿನಿಮಾಗಳ ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಗಂಡಸು ಅಂದ್ರೆ ರಾಜಕುಮಾರ್. ತೆರೆಯ ಮೇಲೆ ಕುಡಿಯದವರು, ಸಿಗರೇಟು ಸೇದದವರು. 1972ರ ‘ಬಂಗಾರದ ಮನುಷ್ಯ’ದ ರಾಜೀವ ಅಕ್ಕನ ಸಂಸಾರಕ್ಕಾಗಿ ಜೀವ ತೇಯ್ದ, ಕೊನೆಗೆ ಸುಳ್ಳು ಅಪವಾದ ಬಂದಾಗ ಒಂದು ಮಾತಾಡದೆ ಮನೆ ಬಿಟ್ಟು ನಡೆದುಹೋದ. ಆ ಸಿನಿಮಾ ನೋಡಿ ಎಷ್ಟೋ ಹುಡುಗರು ಪೇಟೆ ಬಿಟ್ಟು ಹೊಲಕ್ಕೆ ಹೋದರು ಅಂತಾರೆ. ಒಳ್ಳೇದು. ಆದರೆ ಅದೇ ಸಿನಿಮಾದಿಂದ ನಾವು ಇನ್ನೊಂದು ಪಾಠ ಕಲಿತ್ವಿ ಅಂತ ನನಗೀಗ ಅನ್ನಿಸತ್ತೆ. ನೋವಾದ್ರೆ ಹೇಳಬೇಡ. ಎದ್ದು ಹೋಗು. ಕೆಜಿಎಫ್‌ನ ರಾಕಿಗೆ ಸುತ್ತಿಗೆ ಇದೆ, ರಾಜೀವನಿಗೆ ಮೌನ ಇದೆ. ಬಾಯಿಬಿಟ್ಟು ‘ನಂಗೆ ಬೇಜಾರಾಯ್ತು’ ಅನ್ನೋದು ಇಬ್ಬರಿಗೂ ಇಲ್ಲ. ಇದನ್ನ ರಾಜಣ್ಣನ ಅಭಿಮಾನಿಯಾಗಿಯೇ ಹೇಳ್ತಾ ಇದ್ದೀನಿ, ಯಾರೂ ಜಗಳಕ್ಕೆ ಬರಬೇಡಿ. (ನಗು)

ಈಗ ನಮ್ಮಪ್ಪ.

ನಮ್ಮದು ಹೊನ್ನಾವರದ ಕಡೆಯ ಹಳ್ಳಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಸೀಮೆ ಅದು. ಯಕ್ಷಗಾನ ನೋಡದವನು ಅಲ್ಲಿ ಮನುಷ್ಯನೇ ಅಲ್ಲ. ಅಪ್ಪ ಹಗಲು ಪೋಸ್ಟ್‌ಮ್ಯಾನ್. ಮೇಳದ ಕಲಾವಿದ ಅಲ್ಲ, ಹವ್ಯಾಸಿ. ರಾತ್ರಿ ಅಪ್ಪ ದಮಯಂತಿ. ಇಲ್ಲಾ ದ್ರೌಪದಿ. ಇಲ್ಲಾ ಮಂಡೋದರಿ. ವೇಷದ ಪೆಟ್ಟಿಗೆ ಬಾಡಿಗೆಗೆ ಬರ್ತಿತ್ತು, ಆದರೆ ಕುಪ್ಪಸ ಮಾತ್ರ ಅಪ್ಪನೇ ಹೊಲಿದುಕೊಳ್ತಿದ್ದರು, ಕೈಯಲ್ಲೇ. ಬಾಡಿಗೆಯದ್ದು ಅವರ ಭುಜಕ್ಕೆ ಬಿಗಿ ಆಗ್ತಿತ್ತು. ಸೈಕಲ್ ತುಳಿದ ಭುಜ. ಚಿಮಣಿ ದೀಪದ ಹತ್ತಿರ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಜರಿ ಅಂಚು ಹಚ್ಚೋದು. ನನಗೆ ಅದು ಮನೆಯ ಸಾಮಾನ್ಯ ದೃಶ್ಯ. ಅಮ್ಮ ಅಡಿಗೆಮನೆಯಲ್ಲಿ, ಅಪ್ಪ ಹೊಲಿಗೆಯಲ್ಲಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನನ್ನ ಚೀಲದಲ್ಲಿ ಹಸಿರು ಗಾಜಿನ ಬಳೆ ಸಿಕ್ಕವು. ಅರ್ಧ ಡಜನ್. ಒಂದು ಚೀಟಿ: ‘ನಿನ್ನ ಅಪ್ಪಿಗೆ ಕೊಡು.’ ಕ್ಲಾಸು ಕ್ಲಾಸೇ ನಗ್ತಾ ಇತ್ತು. ಆ ಪರೀಕ್ಷೆಯಲ್ಲಿ ನಾನು ಮೊದಲನೆಯವನಾಗಿದ್ದೆ. ನಗಿಸಿದವನು ಎರಡನೆಯವನು. ಇದು ಆಗ ಹೊಳೆಯಲಿಲ್ಲ, ಗಾರ್ಡನ್ ರೀಚ್‌ನಲ್ಲಿ ಕೂತು ಔಟ್ರಮ್‌ನ ಕಥೆ ಓದುವಾಗ ಹೊಳೆಯಿತು.

ಆದರೆ ಅವನದ್ದು ಬಿಡಿ. ನಾನೇನು ಮಾಡಿದೆ ಅನ್ನೋದು ಮುಖ್ಯ. ಆ ಬಳೆಗಳನ್ನು ಹೊಳೆಗೆ ಎಸೆದೆ. ಮನೆಗೆ ಬಂದು ಅಪ್ಪನಿಗೆ ಅಂದೆ, ‘ಗ್ಯಾದರಿಂಗಿಗೆ ನೀ ಬರೂದು ಬೇಡ.’ ನನಗೆ ಮೊದಲ ಬಹುಮಾನ ಕೊಡೋ ದಿನ ಅದು. ‘ಎಂತಕ್ಕೆ?’ ಅಂತ ಅಪ್ಪ ಕೇಳಿದರು. ‘ಎಲ್ಲರಪ್ಪ ಗಂಡಸ್ರ ಹಾಂಗೆ ಇರ್ತ್ರು’ ಅಂದೆ.

ಅಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟರು. ಬಟ್ಟೆ ಮಡಿಚಿದರು. ಗ್ಯಾದರಿಂಗಿಗೆ ಬರಲಿಲ್ಲ. ಒಂದೆರಡು ವರ್ಷದಲ್ಲಿ ವೇಷ ಹಾಕೋದನ್ನೂ ಬಿಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಹಾಸ್ಟೆಲ್‌ಗೆ ಹೋದೆ, ಓದಿದೆ, ಕೆಲಸ ಸಿಕ್ತು, ಮದುವೆ ಆಯ್ತು. ಮೂವತ್ತು ವರ್ಷ ಆ ಮಾತು ನಮ್ಮ ಮಧ್ಯೆ ಬರಲೇ ಇಲ್ಲ.

ಯಕ್ಷಗಾನದ ಸೀಮೆಯಲ್ಲಿ ಹುಟ್ಟಿ ನಾನು ಆ ಮಾತು ಹೇಗೆ ಆಡಿದೆ ಅಂತ ಈಗ ಆಶ್ಚರ್ಯ ಆಗತ್ತೆ. ವಿರಾಟಪರ್ವ ಎಷ್ಟು ಸಲ ನೋಡಿದ್ದೆ! ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ, ಜಡೆ ಹಾಕಿ, ಬಳೆ ತೊಟ್ಟು, ರಾಜಕುಮಾರಿಗೆ ನಾಟ್ಯ ಹೇಳಿಕೊಡ್ತಾನೆ. ಉತ್ತರಕುಮಾರ ಅಂತಃಪುರದಲ್ಲಿ ಮೀಸೆ ತಿರುವಿ ಜಂಬ ಕೊಚ್ಚಿ, ರಣರಂಗದಲ್ಲಿ ಕೌರವ ಸೇನೆ ಕಂಡು ರಥದಿಂದ ಹಾರಿ ಓಡ್ತಾನೆ. ಅವನನ್ನು ಅಟ್ಟಿಸಿಕೊಂಡು ಜಡೆ ಹಾರಿಸ್ತಾ ಓಡೋ ಬೃಹನ್ನಳೆಯನ್ನು ನೋಡಿ ಸೇನೆ ನಗತ್ತೆ. ಆಮೇಲೆ ಬನ್ನಿ ಮರದಿಂದ ಗಾಂಡೀವ ಇಳಿಯತ್ತೆ. ‘ಉತ್ತರನ ಪೌರುಷ ಒಲೆ ಮುಂದೆ’ ಅಂತ ಗಾದೆ ಮಾಡಿಕೊಂಡ್ವಿ ನಾವು. ಬೃಹನ್ನಳೆ ಬಗ್ಗೆ ಒಂದು ಗಾದೆ ಮಾಡಲಿಲ್ಲ. ತೆಲುಗಿನ ‘ನರ್ತನಶಾಲಾ’ದಲ್ಲಿ 1963ರಲ್ಲಿ ಎನ್‌ಟಿಆರ್ ಅಂಥ ಎನ್‌ಟಿಆರ್ ಬೃಹನ್ನಳೆ ಮಾಡಿದರು, ಜನ ತಲೆ ಮೇಲೆ ಹೊತ್ತರು. ತೆರೆಯ ಮೇಲೆ ಆದ್ರೆ ಕಲೆ. ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಮಾಡಿದ್ರೆ ‘ಅಪ್ಪಿ’.

ಫ್ರಾಕ್ ಹೊಲಿಯೋರ ಕಥೆ ಹೇಳ್ತೀನಿ ಅಂದಿದ್ದೆ. ಒಂದು ಶನಿವಾರ ನನ್ನ ಪ್ಯಾಂಟಿನ ಕಾಲಿನ ಮಡಿಕೆ ಬಿಚ್ಚಿಹೋಗಿತ್ತು. ಮೆಟಿಯಾಬುರ್ಜ್ ತುಂಬಾ ದರ್ಜಿಗಳಿದ್ದಾರಲ್ಲ ಅಂತ ಹೋದೆ. ನವಾಬನ ಜೊತೆ ಬಂದ ದರ್ಜಿಗಳಿಂದ ಈ ಕಸುಬು ಇಲ್ಲಿ ಬೆಳೀತು ಅಂತ ಅಲ್ಲಿಯವರು ಹೇಳ್ತಾರೆ. ಬಿರಿಯಾನಿಯಲ್ಲಿ ಆಲೂಗಡ್ಡೆ ಹಾಕಿದ್ದೂ ಅವನೇ ಅಂತಾರೆ, ಅದಕ್ಕಂತೂ ನಾನು ಕ್ಷಮಿಸಿದ್ದೀನಿ. (ನಗು) ಒಂದು ಉದ್ದ ಕೋಣೆ. ಸಾಲಾಗಿ ಮಷೀನು. ಗಡ್ಡ ಬಿಟ್ಟ ಗಂಡಸರು ಗುಲಾಬಿ ಬಣ್ಣದ ಪುಟ್ಟ ಪುಟ್ಟ ಫ್ರಾಕ್‌ಗಳಿಗೆ ಲೇಸು ಹಚ್ಚುತ್ತಾ ಇದ್ದಾರೆ. ಯಜಮಾನ ದರ್ಜಿಗೆ ಅಲ್ಲಿ ಓಸ್ತಾಗರ್ ಅಂತಾರೆ. ನನ್ನ ಪ್ಯಾಂಟು ನೋಡಿದರು. ‘ಇಲ್ಲಿ ಸಗಟು ಕೆಲಸ ಸಾಹೇಬ್ರೆ, ರಿಪೇರಿ ಮಾಡಲ್ಲ. ಇಷ್ಟಕ್ಕೆ ದರ್ಜಿ ಯಾಕೆ ಬೇಕು?’ ಅಂತ ಹಿಂದಿಯಲ್ಲಿ ಹೇಳಿ, ಸೂಜಿ ದಾರ ನನ್ನ ಕೈಗೆ ಕೊಟ್ಟರು.

ನನಗೆ ಸೂಜಿಗೆ ದಾರ ಪೋಣಿಸಕ್ಕೆ ಬರಲಿಲ್ಲ. ನಲವತ್ತು ದಾಟಿದ ಮನುಷ್ಯ. ಮೂರು ಸಲ ದಾರ ತುಟಿಗಿಟ್ಟು ಒದ್ದೆ ಮಾಡಿದೆ. ಮಷೀನಿನ ಹುಡುಗರು ಕಣ್ಣಲ್ಲೇ ನಗ್ತಾ ಇದ್ದರು. ‘ನಿಮ್ಮನೇಲಿ ಯಾರಿಗೂ ಹೊಲಿಗೆ ಬರಲ್ವಾ?’ ಅಂತ ಆ ಹಿರಿಯರು ಕೇಳಿದರು.

‘ನಮ್ಮಪ್ಪನಿಗೆ ಬರತ್ತೆ’ ಅಂದೆ.

ಬಾಯಿಂದ ತಾನಾಗೇ ಬಂತು. ಅಷ್ಟು ವರ್ಷದಲ್ಲಿ ಹೊರಗಿನವರ ಮುಂದೆ ಆ ವಾಕ್ಯ ನಾನು ಹೇಳಿದ್ದು ಅದೇ ಮೊದಲು. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ‘ಒಳ್ಳೇ ಕಸುಬು’ ಅಂದರು, ಅಷ್ಟೇ.

ಅಲ್ಲೂ ಎಲ್ಲಾ ಸರಿ ಇಲ್ಲ, ಅದನ್ನೂ ಹೇಳಬೇಕು. ಗುಂಡಿ ಹಚ್ಚೋದು, ದಾರ ಕತ್ತರಿಸೋದು ಎಲ್ಲಿ ಅಂತ ಕೇಳಿದೆ. ‘ಅದು ಮನೆಗಳಿಗೆ ಹೋಗತ್ತೆ, ಹೆಂಗಸರು ಮಾಡ್ತಾರೆ.’ ‘ಹಾಗಿದ್ರೆ ಅವರೂ ದರ್ಜಿಗಳಾ?’ ‘ಇಲ್ಲ ಇಲ್ಲ, ಅವರು ಮನೆಯವರು.’ ಡಜನ್‌ಗೆ ಇಷ್ಟು ಅಂತ ಚಿಲ್ಲರೆ ಕಾಸು. ಸೂಜಿ ಒಂದೇ. ಅದು ಕೋಣೆಯಲ್ಲಿ ಗಂಡಸಿನ ಕೈಯಲ್ಲಿದ್ರೆ ಕಸುಬು, ಓಸ್ತಾಗರ್ ಅನ್ನೋ ಬಿರುದು. ಮನೆಯಲ್ಲಿ ಹೆಂಗಸಿನ ಕೈಯಲ್ಲಿದ್ರೆ ಬಿಡುವಿನ ಕೆಲಸ. ಚಿಮಣಿ ದೀಪದ ಹತ್ತಿರ ನಮ್ಮಪ್ಪನ ಕೈಯಲ್ಲಿದ್ರೆ ಅವಮಾನ. ಗಂಡಸುತನ ಸೂಜಿಯಲ್ಲೂ ಇಲ್ಲ, ಸುತ್ತಿಗೆಯಲ್ಲೂ ಇಲ್ಲ. ಯಾರು ದುಡ್ಡು ಕೊಡ್ತಾರೆ, ಯಾರು ನೋಡ್ತಾರೆ, ನೋಡೋನಿಗೆ ನಮ್ಮಿಂದ ಏನು ಬೇಕು, ಅದರ ಮೇಲೆ ನಿಂತಿದೆ. ಕಂಪನಿಗೆ ಅವಧ್ ಬೇಕಿತ್ತು. ಎರಡನೇ ರ‍್ಯಾಂಕಿನ ಹುಡುಗನಿಗೆ ನಾನು ಕುಗ್ಗೋದು ಬೇಕಿತ್ತು. ನನ್ನ ಮಗನಿಗೆ ಆ ಮುಖ ಕಲಿಸೋ ರೀಲ್ಸ್‌ಗೆ ಅವನ ದಿನದ ಎರಡು ಗಂಟೆ ಬೇಕು. ಮತ್ತೆ ನನಗೆ? ಏಳನೇ ಕ್ಲಾಸಿನ ನನಗೆ, ನಗೋರ ಗುಂಪಿನಲ್ಲಿ ಒಂದು ಜಾಗ ಬೇಕಿತ್ತು. ಅದಕ್ಕೆ ಅಪ್ಪನನ್ನ ಕೊಟ್ಟೆ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಈಗ ಎಪ್ಪತ್ತೆಂಟು, ಕಿವಿ ಸ್ವಲ್ಪ ದೂರ. ಗಟ್ಟಿಯಾಗಿ ಕೇಳಬೇಕಾಯ್ತು, ಇಡೀ ಕ್ವಾರ್ಟರ್ಸ್‌ಗೆ ಕೇಳಿರಬೇಕು. ‘ಅಪ್ಪಾ, ನೀನು ವೇಷ ಬಿಟ್ಟಿದ್ದು ನಾನು ಅವತ್ತು ಹಾಂಗೆ ಅಂದಿದ್ದಕ್ಕನಾ?’

‘ಎಂತ ಅಂದಿದ್ದೆ?’

ಹೇಳಿದೆ. ಬಳೆಯಿಂದ ಹಿಡಿದು ಎಲ್ಲಾ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅದೆಲ್ಲ ನೆಂಪಿಲ್ಲ ಮಾರಾಯ. ಮಂಡಿ ನೋವು ಬಂತು, ಬಿಟ್ಟೆ’ ಅಂದರು.

ಮಂಡಿ ನೋವು ಇದ್ದಿದ್ದು ನಿಜ. ಹೌದು. ಆದರೆ ಮಂಡಿ ನೋವಿನ ಮನುಷ್ಯ ನಿವೃತ್ತಿ ತನಕ ದಿನಾ ಸೈಕಲ್ ತುಳಿದು ಟಪಾಲು ಹಂಚಿದ್ದೂ ನಿಜ. ಅವರು ನಿಜವಾಗಿ ಮರೆತಿದ್ದಾರೋ, ಇಲ್ಲಾ ಎದ್ದು ನಡೆದುಹೋದ ಆ ರಾಜೀವನ ಥರ ಮಾತು ನುಂಗಿದರೋ, ನನಗೆ ಗೊತ್ತಿಲ್ಲ. ಎರಡನೇ ಸಲ ಕೇಳೋ ಧೈರ್ಯ ಬರಲಿಲ್ಲ. ‘ತಪ್ಪಾಯ್ತು’ ಅಂದೆ. ‘ಊಟ ಆಯ್ತಾ?’ ಅಂದರು.

ಈ ಸಲ ರಜೆಯಲ್ಲಿ ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅಟ್ಟದಲ್ಲಿ ಅಪ್ಪನ ಟ್ರಂಕು ಇದೆ, ಅದರಲ್ಲಿ ಎರಡು ಕುಪ್ಪಸ ಉಳಿದಿವೆ. ಒಂದು ಹಸಿರು, ಒಂದು ಕೆಂಪು. ಕೆಂಪನ್ನು ಜಿರಲೆ ತಿಂದಿದೆ. ಮಗ ಅದನ್ನು ಹಿಡ್ಕೊಂಡು, ‘ಅಜ್ಜ, ಇದು ಯಾರ್ದು?’ ಅಂದ. ‘ದಮಯಂತಿದು’ ಅಂದರು ಅಪ್ಪ. ‘ಅವಳು ಯಾರು?’ ‘ನಾನು.’

ಮಗ ನನ್ನ ಮುಖ ನೋಡಿದ. ನಗಬೇಕಾ, ಬೇಡ್ವಾ ಅಂತ ಕೇಳೋ ನೋಟ ಅದು. ನನಗೆ ಚೆನ್ನಾಗಿ ಗೊತ್ತಿರೋ ನೋಟ. ನಾನು ನಗಲಿಲ್ಲ. ಗಟ್ಟಿ ಹುಡುಗ ಅಂತಾನೂ ಅನ್ನಲಿಲ್ಲ. ಅಜ್ಜನ ಪಕ್ಕ ಕೂತು ಆ ಕೆಂಪು ಕುಪ್ಪಸದ ತೂತಿಗೆ ತೇಪೆ ಹಾಕಕ್ಕೆ ಶುರು ಮಾಡಿದೆ. ಈಗ ಸೂಜಿ ಪೋಣಿಸಕ್ಕೆ ಬರತ್ತೆ ನನಗೆ. ಎರಡನೇ ಹೊಲಿಗೆಗೇ ದಾರ ಗಂಟಾಯ್ತು.

ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. ‘ಇಷ್ಟುದ್ದ ದಾರ ತಗಂಡ್ರೆ ಗಂಟಾಗ್ದೆ ಎಂತ ಆಗ್ತದೆ? ಕತ್ತರ್ಸು. ಇಲ್ಲಿ ಕೊಡು, ತೋರಿಸ್ತೆ.’

ಮಗ ಹತ್ತಿರ ಬಂದು ಕೂತ.